ಮಾರಿಹಬ್ಬದ ಮೈಕು, ಠಾಣೆಯ ಬೆಂಚು: ಒಂದು ಸಾರ್ವಜನಿಕ ಸೇವೆಯ ವಿಮರ್ಶೆ

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿರುವ ನಮ್ಮ ಬೀದಿಯ ಮಾರಮ್ಮನ ಗುಡಿಗೆ ವರ್ಷಕ್ಕೊಮ್ಮೆ ಹಬ್ಬ ನಡೆಯುತ್ತದೆ. ಹಬ್ಬಕ್ಕೆ ಧ್ವನಿವರ್ಧಕ ಹಾಕಬೇಕಾದರೂ ಮೆರವಣಿಗೆ ಹೊರಡಿಸಬೇಕಾದರೂ ಪೊಲೀಸರ ಲಿಖಿತ ಅನುಮತಿ ಬೇಕು. ಗುಡಿಯ ಸಮಿತಿಯಲ್ಲಿ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂದಿರುವುದರಿಂದ, ನಮ್ಮ ವ್ಯಾಪ್ತಿಯ ಠಾಣೆಯ ಈ ಸೇವೆಯನ್ನು ಬಹುಕಾಲದಿಂದ ಪಡೆಯುತ್ತಾ ಬಂದಿದ್ದೇನೆ. ಅದರ ಗುಣಮಟ್ಟ ಹೇಗಿದೆ ಎಂಬುದನ್ನು ಒಬ್ಬ ಬಳಕೆದಾರನಾಗಿ ಇಲ್ಲಿ ಬರೆಯುತ್ತಿದ್ದೇನೆ. ಠಾಣೆಯ ಹೆಸರನ್ನು ಹೇಳುವುದಿಲ್ಲ. ನಾನು ಎತ್ತಲಿರುವ ಮಾತು ಆ ಒಂದು ಕಟ್ಟಡಕ್ಕೆ ಸೀಮಿತವಾದದ್ದಲ್ಲ, ಮೇಲಾಗಿ ಅಲ್ಲಿನ ಸಿಬ್ಬಂದಿಯಲ್ಲಿ ಕೆಲವರು ನಿಜಕ್ಕೂ ಸಜ್ಜನರು.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಠಾಣೆಯ ಹೊರಗೋಡೆಗೆ ಹೊಸ ಬಣ್ಣ ಬಿದ್ದಿದೆ, ಕುಡಿಯುವ ನೀರಿದೆ, ಬಾಗಿಲ ಬಳಿಯ ಸ್ವಾಗತ ಮೇಜಿನಲ್ಲಿ ಕೂರುವ ಮಹಿಳಾ ಪೇದೆ ಬಂದವರನ್ನು ಕೂರಿಸಿ ಮಾತನಾಡಿಸುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಠಾಣೆಯ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಹೆಂಗಸರು ಈಗ ಒಬ್ಬೊಬ್ಬರೇ ಬಂದು ಹೋಗುವುದನ್ನು ನೋಡಿದ್ದೇನೆ. ನನ್ನ ಸ್ಕೂಟರಿನ ಆರ್‌ಸಿ ಕಳೆದಾಗ ಅಲ್ಲಿಗೆ ಹೋಗುವ ಅಗತ್ಯವೇ ಬೀಳಲಿಲ್ಲ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ವಿವರ ತುಂಬಿದ ಕೂಡಲೇ ಸಂಖ್ಯೆಯಿರುವ ಸ್ವೀಕೃತಿ ಪತ್ರ ಮೊಬೈಲಿಗೆ ಬಂತು, ಅದನ್ನೇ ತೋರಿಸಿ ಆರ್‌ಟಿಒ ಕಚೇರಿಯಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಿದೆ. ಯಾರನ್ನೂ ಬೇಡಲಿಲ್ಲ, ಯಾರೂ ಗದರಲಿಲ್ಲ. ಕಂಪ್ಯೂಟರಿನ ಮುಂದೆ ಇಷ್ಟು ಸಲೀಸಾಗಿ ಸಿಗುವ ಸ್ವೀಕೃತಿ, ಮನುಷ್ಯರ ಮುಂದೆ ನಿಂತಾಗ ಏಕೆ ಸಿಗುವುದಿಲ್ಲ ಎಂಬುದೇ ಈ ವಿಮರ್ಶೆಯ ವಿಷಯ.

ಧ್ವನಿವರ್ಧಕದ ಅನುಮತಿಯ ನಿಯಮದ ಬಗ್ಗೆ ನನಗೆ ತಕರಾರಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಮೈಕು ಹಾಕುವಂತಿಲ್ಲ, ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಹಾಕುವಂತೆಯೇ ಇಲ್ಲ. ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗೆ ವರ್ಷದಲ್ಲಿ ಹದಿನೈದು ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ ಎಂಬ ಮಿತಿಯಿದೆ. ನಮ್ಮ ಗುಡಿಯ ಎದುರಿನ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದಾರೆ. ಅವರ ನಿದ್ದೆಗಿಂತ ನಮ್ಮ ಮೈಕು ದೊಡ್ಡದಲ್ಲ. ಮಾರಮ್ಮನಿಗೆ ತಮಟೆ ಸಾಕು, ಡಿಜೆ ಬೇಕಾಗಿರುವುದು ಹುಡುಗರಿಗೆ ಎಂದು ಸಮಿತಿಯ ಸಭೆಯಲ್ಲಿ ಹೇಳಿ ಬೈಸಿಕೊಂಡವನು ನಾನು. ಆದ್ದರಿಂದ ನಿಯಮವನ್ನು ಪೊಲೀಸರು ಬಿಗಿಯಾಗಿ ಜಾರಿ ಮಾಡಿದರೆ ಸಂತೋಷಪಡುವವರ ಪೈಕಿ ನಾನೂ ಒಬ್ಬ. ಆದರೆ ಅಲ್ಲಿ ನಡೆಯುವುದು ನಿಯಮದ ಜಾರಿಯಲ್ಲ.

ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಒಯ್ಯುತ್ತೇನೆ: ಒಂದು ಅವರಿಗೆ, ಇನ್ನೊಂದು ಸೀಲು, ಸಹಿ ಹಾಕಿಸಿಕೊಂಡು ಮರಳಿ ಪಡೆಯಲು. ಈ ಸಲ ಮೇಜಿನ ಹಿಂದಿದ್ದ ಮುಖ್ಯಪೇದೆ ಎರಡನ್ನೂ ತೆಗೆದುಕೊಂಡು ಪೇಪರ್‌ವೆಯ್ಟಿನ ಕೆಳಗೆ ಇಟ್ಟು, “ಇಟ್ಟೋಗಿ ಯಜಮಾನ್ರೆ, ಸಾಹೇಬ್ರು ಬಂದ್ಮೇಲೆ ನೋಡ್ತೀವಿ” ಎಂದರು. ಒಂದು ಪ್ರತಿಗೆ ಸೀಲು ಹಾಕಿಕೊಡಿ ಸಾರ್ ಎಂದು ಕೇಳಿದಾಗ, “ಸೀಲೆಲ್ಲ ಯಾಕೆ, ನಾವೇನು ಓಡೋಗ್ತೀವಾ?” ಎಂಬ ಉತ್ತರ ಬಂತು. ಸುತ್ತಲಿದ್ದವರು ನಕ್ಕರು. ಕೆಲವು ದಿನ ಬಿಟ್ಟು ಹೋದರೆ ಮೇಜಿನ ಹಿಂದೆ ಬೇರೊಬ್ಬರಿದ್ದರು, ಅರ್ಜಿಯೇ ಬಂದಿಲ್ಲವೆಂದರು. ಬಂದಿತ್ತು ಎಂದು ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ, ಬಂದಿಲ್ಲ ಎಂದು ತೋರಿಸುವ ಹೊಣೆ ಅವರಿಗಿರಲಿಲ್ಲ. ಹೊಸ ಅರ್ಜಿ ಕೊಟ್ಟದ್ದಾಯಿತು, ಗುಡಿಯ ಜಾಗದ ಪತ್ರದ ಜೆರಾಕ್ಸು ಕೊಟ್ಟದ್ದಾಯಿತು, ಸಮಿತಿಯವರ ಆಧಾರ್ ಪ್ರತಿಗಳನ್ನೂ ಕೊಟ್ಟದ್ದಾಯಿತು. ಕೊನೆಗೆ ನಮ್ಮ ವಾರ್ಡಿನ ಮಾಜಿ ಸದಸ್ಯರೊಬ್ಬರಿಂದ ಫೋನು ಮಾಡಿಸಿದ ಮೇಲೆ ಕಾಗದ ಮುಂದಕ್ಕೆ ಸರಿಯಿತು. ಒಳಗೆ ಹೋದ ಅರ್ಜಿಗೆ ಗುರುತಿಲ್ಲ, ಹೊರಗಿನಿಂದ ಬಂದ ಫೋನಿಗೆ ಬೆಲೆಯಿದೆ.

ಕರ್ನಾಟಕದ ಆಡಳಿತಕ್ಕೆ ಈ ಕಾಯಿಲೆಯ ಔಷಧಿ ಗೊತ್ತಿಲ್ಲವೆಂದಲ್ಲ. 2011ರ ಸಕಾಲ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಾಗ ಅದರ ತಿರುಳು ಇದ್ದದ್ದೇ ಸ್ವೀಕೃತಿಯಲ್ಲಿ: ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟವನಿಗೆ ಹದಿನೈದು ಅಂಕಿಗಳ ಸಂಖ್ಯೆ, ಆ ಸಂಖ್ಯೆಗೆ ಒಂದು ಗಡುವು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿ ಮೀರದ ಪರಿಹಾರ. ಪರಿಹಾರದ ಹಣ ಒಂದು ಸಲದ ಹೋಟೆಲ್ ಊಟಕ್ಕೆ ಸಾಕಾದೀತು, ಅಷ್ಟೆ. ಬೆಲೆಯಿರುವುದು ಆ ಸಂಖ್ಯೆಗೆ. ಸಂಖ್ಯೆ ಕೈಗೆ ಬಂದ ಕ್ಷಣದಿಂದ ತಡವಾದದ್ದಕ್ಕೆ ಉತ್ತರ ಕೊಡಬೇಕಾದವರು ಯಾರು ಎಂಬುದು ಗೊತ್ತಾಗುತ್ತದೆ. ಅದಕ್ಕೇ ಇರಬೇಕು, ನಾಡಕಚೇರಿಯಿಂದ ಹಿಡಿದು ಠಾಣೆಯವರೆಗೆ “ಮೊದಲು ಅರ್ಜಿ ನೋಡೋಣ, ಆಮೇಲೆ ಎಂಟ್ರಿ ಮಾಡೋಣ” ಎಂಬ ಅಭ್ಯಾಸ ಬೆಳೆದುಬಿಟ್ಟಿದೆ.

ಇನ್ನು ಬೆಂಚಿನ ವಿಷಯ. ಸಾಹೇಬರಿಗಾಗಿ ಕಾಯುವವರು ಕೂರುವ ಮರದ ಬೆಂಚು, ಠಾಣೆಯ ದಾಖಲೆ ಬರೆಯುವ ರೈಟರ್ ಕೋಣೆಯ ಬಾಗಿಲಿಗೆ ಎದುರಾಗಿದೆ. ಬಾಗಿಲು ತೆರೆದಿದ್ದರೆ ಒಳಗಿನದೆಲ್ಲ ಕಾಣುತ್ತದೆ. ಒಳಗೋಡೆಯ ಮೇಲೆ ಚಾಮುಂಡೇಶ್ವರಿಯ ದೊಡ್ಡ ಚಿತ್ರಪಟ, ಅದಕ್ಕೆ ದಿನವೂ ಬದಲಾಗುವ ಸೇವಂತಿಗೆ ಹಾರ, ಕೆಳಗೆ ಊದುಬತ್ತಿಯ ಬೂದಿ ಬಿದ್ದು ಬಿದ್ದು ಬೆಳ್ಳಗಾದ ಫೈಲುಗಳ ಕಟ್ಟು. ಮೂಲೆಯಲ್ಲಿ ಒರಗಿಸಿಟ್ಟ ಲಾಠಿಗಳ ಹಿಡಿಯ ಹತ್ತಿರ ಆಯುಧಪೂಜೆಯಂದು ಹಚ್ಚಿದ ಅರಿಶಿನ, ಕುಂಕುಮ ಇನ್ನೂ ಮಾಸಿರಲಿಲ್ಲ. ದಸರೆಯ ಊರು ಇದು, ಇಲ್ಲಿ ಸ್ಕೂಟರಿಗೂ ಪೂಜೆ, ಇಕ್ಕಳ, ಸ್ಪ್ಯಾನರಿಗೂ ಪೂಜೆ. ಲಾಠಿಗೆ ಪೂಜೆಯಾದರೆ ಆಕ್ಷೇಪವೇನೂ ಇಲ್ಲ. ಆ ಲಾಠಿಗಳ ಪಕ್ಕದಲ್ಲಿ, ನೆಲದ ಮೇಲೆ, ಹದಿನೈದು ಹದಿನಾರರ ವಯಸ್ಸಿನ ಹುಡುಗನೊಬ್ಬ ಮಂಡಿ ಮಡಚಿ ಕೂತಿದ್ದ. ಮಾರ್ಕೆಟ್ಟಿನಲ್ಲಿ ಮೊಬೈಲು ಕದ್ದ ಅನುಮಾನವಂತೆ. ಒಬ್ಬ ಪೇದೆ ಕಾಗದ ಹುಡುಕುತ್ತಾ ಆಚೆ ಹೋಗುವಾಗೊಮ್ಮೆ, ಈಚೆ ಬರುವಾಗೊಮ್ಮೆ ಅವನ ಬೆನ್ನಿಗೆ ಅಂಗೈಯಿಂದ ಬಾರಿಸುತ್ತಿದ್ದ. ಆ ಪೇದೆಯ ಮುಖದಲ್ಲಿ ಸಿಟ್ಟಿರಲಿಲ್ಲ. ದಾರಿಗೆ ಅಡ್ಡವಾದ ಕುರ್ಚಿಯನ್ನು ಸರಿಸುವವನ ನಿರಾಸಕ್ತಿ ಮಾತ್ರ ಇತ್ತು. ಹುಡುಗ ಪ್ರತಿ ಸಲವೂ ಏಟು ಬೀಳುವ ಮೊದಲೇ ಭುಜ ಕುಗ್ಗಿಸುತ್ತಿದ್ದ.

ಇವನ ಮನೆಯವರಿಗೆ ತಿಳಿಸಿದ್ದೀರಾ ಎಂದು ಬೆಂಚಿನಿಂದಲೇ ಕೇಳಿದೆ. “ಅದೆಲ್ಲ ನಮಗೆ ಬಿಡಿ ಯಜಮಾನ್ರೆ, ನೀವು ನಿಮ್ಮ ಮೈಕಿನ ವಿಷಯ ನೋಡ್ಕೊಳಿ” ಎಂದು ರೈಟರ್ ಹೇಳಿದರು. ದನಿಯಲ್ಲಿ ಮರ್ಯಾದೆಯಿತ್ತು, ಮಾತಿನಲ್ಲಿ ಎಚ್ಚರಿಕೆಯಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಸಮಿತಿಯ ಹಿರಿಯರು ನನ್ನ ಮೊಣಕೈ ಹಿಡಿದು ಅದುಮಿದರು. ಬಾಗಿಲು ಮುಚ್ಚಿಕೊಂಡಿತು. ಆಮೇಲೆ ಹೊರಗೆ ಟೀ ಕುಡಿಯುವಾಗ ಆ ಹಿರಿಯರೇ, “ಕಳ್ಳ ಅಂದ್ಮೇಲೆ ಎರಡು ಬಿಡದೆ ಬಾಯಿ ಬಿಡ್ತಾನಾ? ಪೊಲೀಸ್ರ ಭಯ ಇದ್ರೇನೆ ಊರು ನೆಟ್ಟಗಿರೋದು” ಎಂದರು. ಅವರು ದುಷ್ಟರಲ್ಲ, ಮಾರಿಹಬ್ಬದಲ್ಲಿ ತಂಬಿಟ್ಟಿನ ಆರತಿ ಹೊರುವ ಹೆಣ್ಣುಮಕ್ಕಳ ಕಾಲು ಸುಡದಿರಲೆಂದು ಬೀದಿಯುದ್ದಕ್ಕೂ ತಾವೇ ಬಿಂದಿಗೆ ಹೊತ್ತು ನೀರು ಹಾಕುವವರು. ಮೈಸೂರಿನಲ್ಲಿ, ಮಂಡ್ಯದಲ್ಲಿ, ಎಲ್ಲಿ ಹೋಗಿ ಯಾರನ್ನು ಕೇಳಿದರೂ ಹೆಚ್ಚು ಕಡಿಮೆ ಇದೇ ಮಾತು ಸಿಗುತ್ತದೆ.

ಆ ಹುಡುಗ ಕದ್ದಿದ್ದನೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಕರೆಯುತ್ತದೆ. ಅಪರಾಧದ ಆರೋಪವಿದ್ದರೂ ಅವರನ್ನು ಲಾಕಪ್ಪಿನಲ್ಲಿಡುವಂತಿಲ್ಲ, ಠಾಣೆಯಲ್ಲಿ ಅವರ ವಿಷಯ ನೋಡಿಕೊಳ್ಳಲೆಂದೇ ನಿಯೋಜಿತನಾದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯಿರಬೇಕು, ತಂದೆತಾಯಿಗೆ ತಿಳಿಸಬೇಕು. ದೊಡ್ಡವರ ವಿಷಯದಲ್ಲೂ ಕಾನೂನು ಸ್ಪಷ್ಟವಾಗಿದೆ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ. ಕೆ. ಬಸು, ಪೊಲೀಸ್ ವಶದಲ್ಲಿ ಸತ್ತವರ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಲಗತ್ತಿಸಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ 1996ರ ಡಿಸೆಂಬರ್‌ನಲ್ಲಿ ಹನ್ನೊಂದು ಸೂತ್ರಗಳ ತೀರ್ಪು ಕೊಟ್ಟಿತು. ಆ ಸೂತ್ರಗಳನ್ನು ಒಂದೊಂದಾಗಿ ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಹೊಡೆಯಬೇಡಿ ಎಂಬ ಉಪದೇಶ ಅವುಗಳಲ್ಲಿಲ್ಲ, ಬರೆದಿಡಿ ಎಂಬ ಆಜ್ಞೆಯಿದೆ. ಬಂಧಿಸುವ ಅಧಿಕಾರಿಯ ಎದೆಯ ಮೇಲೆ ಹೆಸರು ಕಾಣಬೇಕು. ಬಂಧನದ ಮೆಮೊಗೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು. ಯಾರಿಗೆ ತಿಳಿಸಿದೆ, ಯಾರ ವಶದಲ್ಲಿದ್ದಾನೆ ಎಂಬುದು ಡೈರಿಯಲ್ಲಿ ದಾಖಲಾಗಬೇಕು. ಬಂಧಿತ ಕೇಳಿಕೊಂಡರೆ ಮೈಮೇಲಿನ ಗಾಯಗಳನ್ನು ಆಗಲೇ ಗುರುತಿಸಿ ಅವನಿಂದಲೂ ಸಹಿ ಹಾಕಿಸಬೇಕು. 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. ಈ ಸೂತ್ರಗಳನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಹಾಕಬೇಕೆಂದೂ ನ್ಯಾಯಾಲಯ ಹೇಳಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೆಯ ಕಲಮು, ಬಂಧಿತರ ಹೆಸರು, ವಿಳಾಸ, ಆರೋಪಗಳ ವಿವರವನ್ನು ಸಹಾಯಕ ಸಬ್‌ಇನ್‌ಸ್ಪೆಕ್ಟರ್ (ಎಎಸ್‌ಐ) ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ನಿರ್ವಹಿಸಬೇಕೆಂದೂ ಅದನ್ನು ಪ್ರತಿ ಠಾಣೆಯಲ್ಲಿ ಪ್ರದರ್ಶಿಸಬೇಕೆಂದೂ ವಿಧಿಸುತ್ತದೆ.

ನಮ್ಮ ಠಾಣೆಯಲ್ಲಿ ಬಂಧಿತರ ವಿವರದ ಆ ಫಲಕವಿದೆ. ಹಸಿರು ಹಲಗೆ, ಬಿಳಿ ಗೆರೆ ಹೊಡೆದ ಅಂಕಣಗಳು, ತಲೆಬರಹ ಅಚ್ಚುಕಟ್ಟು. ಅಂಕಣಗಳು ನಾನು ಹೋದಾಗಲೆಲ್ಲ ಖಾಲಿ. ಹುಡುಗ ನೆಲದ ಮೇಲೆ ಕೂತಿದ್ದ ದಿನವೂ ಖಾಲಿಯೇ ಇತ್ತು, ಯಾಕೆಂದರೆ ಕಾಗದದ ಲೆಕ್ಕದಲ್ಲಿ ಅವನನ್ನು ಯಾರೂ ಬಂಧಿಸಿರಲಿಲ್ಲ. “ವಿಚಾರಣೆಗೆ ಕರೆಸಿದ್ದೀವಿ” ಎಂಬ ಆ ಒಂದು ಮಾತಿನ ನೆರಳಿನಲ್ಲಿ ಎಷ್ಟು ಹೊತ್ತು ಬೇಕಾದರೂ ಒಬ್ಬ ಮನುಷ್ಯನನ್ನು ಕೂರಿಸಬಹುದು. ನನ್ನ ಅರ್ಜಿಗೆ ಸೀಲು ಬೀಳದೆ ಹೋದದ್ದಕ್ಕೂ ಅವನ ಬೆನ್ನಿಗೆ ಏಟು ಬಿದ್ದದ್ದಕ್ಕೂ ನಾನು ಕಾಣುವ ಕಾರಣ ಒಂದೇ. ಅರ್ಜಿ ಬಂದದ್ದು ಎಲ್ಲೂ ದಾಖಲಾಗಿಲ್ಲ, ಹುಡುಗ ಬಂದದ್ದೂ ಎಲ್ಲೂ ದಾಖಲಾಗಿಲ್ಲ. ಒಂದರ ಫಲ ನನಗೆ ಓಡಾಟ, ಇನ್ನೊಂದರ ಫಲ ಅವನಿಗೆ ಬಾಸುಂಡೆ. ನೋವಿನಲ್ಲಿ ಅಜಗಜಾಂತರವಿದೆ, ಬೇರು ಮಾತ್ರ ಬೇರೆಯಲ್ಲ. ಆದ್ದರಿಂದ ಠಾಣೆಯ ಸೌಜನ್ಯ ಸುಧಾರಿಸಿದೆ, ಬಣ್ಣ ಹೊಡೆಸಿದ್ದಾರೆ, ನೀರು ಇಟ್ಟಿದ್ದಾರೆ ಎಂಬುದನ್ನು ಮೆಚ್ಚಿಕೊಂಡರೂ ಅದಕ್ಕೆ ಹೆಚ್ಚು ಅಂಕ ಕೊಡಲು ನನ್ನಿಂದಾಗದು.

ಕ್ಯಾಮೆರಾಗಳ ಬಗ್ಗೆಯೂ ಒಂದು ಮಾತು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಠಾಣೆಯ ಬಾಗಿಲು, ಲಾಕಪ್ಪು, ಓಣಿ, ಅಧಿಕಾರಿಗಳ ಕೋಣೆ ಒಂದನ್ನೂ ಬಿಡದೆ ಸಿಸಿ ಕ್ಯಾಮೆರಾ ಹಾಕಬೇಕು, ದೃಶ್ಯದ ಜೊತೆಗೆ ಧ್ವನಿಯೂ ದಾಖಲಾಗಬೇಕು, ಆ ದಾಖಲೆಯನ್ನು 18 ತಿಂಗಳು ಇಡಬೇಕು, ಅಷ್ಟು ಇಡಬಲ್ಲ ಯಂತ್ರ ಸಿಗದಿದ್ದರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಡಬೇಕು ಎಂದಿತು. ಠಾಣೆಯೊಳಗೆ ಹಕ್ಕಿನ ಉಲ್ಲಂಘನೆಯಾದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದೆಂಬ ಭಿತ್ತಿಪತ್ರ ಜನರ ಭಾಷೆಯಲ್ಲಿ ಅಂಟಿಸಿರಬೇಕು ಎಂದೂ ಹೇಳಿತು. ನಮ್ಮ ಠಾಣೆಯ ಸ್ವಾಗತ ಮೇಜಿನ ಮೇಲೆ ಕ್ಯಾಮೆರಾ ಇದೆ, ಓಣಿಯಲ್ಲಿದೆ. ರೈಟರ್ ಕೋಣೆಯೊಳಗೆ, ಬೆಂಚಿನಿಂದ ಕಾಣುವಷ್ಟು ಜಾಗದಲ್ಲಿ, ನನಗೆ ಕಾಣಿಸಲಿಲ್ಲ. ಭಿತ್ತಿಪತ್ರವನ್ನು ಹುಡುಕಿದೆ, ಸಂಚಾರ ನಿಯಮದ್ದಿತ್ತು, ಸೈಬರ್ ವಂಚನೆಯದ್ದಿತ್ತು, ಅದು ಇರಲಿಲ್ಲ.

ಇದನ್ನೆಲ್ಲ ಓದುವ ಭಕ್ತಾದಿಗಳು, ದೇವರ ಕೆಲಸಕ್ಕೆ ಹೋದವನು ಕಳ್ಳನ ವಕಾಲತ್ತು ವಹಿಸಿದ್ದೇಕೆ ಎಂದು ಕೇಳಬಹುದು. ಸಮಿತಿಯಲ್ಲಿ ಈಗಾಗಲೇ ಕೇಳಿದ್ದಾರೆ. ನನ್ನ ಉತ್ತರ ಮಾದಪ್ಪನ ಬೆಟ್ಟದ ಕಡೆಯಿಂದ ಬರುತ್ತದೆ. ನಮ್ಮ ಮನೆದೇವರು ಮಲೆ ಮಹದೇಶ್ವರ. ಮೈಸೂರು, ಮಂಡ್ಯ ಸೀಮೆಯಿಂದ ಸಾವಿರಾರು ಜನ “ಉಘೇ ಮಾದಪ್ಪ” ಎನ್ನುತ್ತಾ ಇಂದಿಗೂ ಕಾಲ್ನಡಿಗೆಯಲ್ಲಿ ಆ ಬೆಟ್ಟ ಹತ್ತುತ್ತಾರೆ. ವೀರಪ್ಪನ್ ಬೇಟೆಯ ಕಾಲದಲ್ಲಿ, 1990ರ ದಶಕದಲ್ಲಿ, ಅದೇ ಬೆಟ್ಟದಲ್ಲಿ ವಿಶೇಷ ಕಾರ್ಯಪಡೆಯ ಶಿಬಿರವಿತ್ತು. ಕಾಡಂಚಿನ ಊರುಗಳ ಬಡವರನ್ನು ಹಿಡಿದು ತಂದು ಹಿಂಸಿಸುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರಿತ್ತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ಆಯೋಗ 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಸೂಚಿಸಿತು. ಭಯೋತ್ಪಾದನೆ ತಡೆಯುವ ಟಾಡಾ ಕಾಯ್ದೆಯಡಿ ಹಿಡಿದವರ ವಿಚಾರಣೆ ನಡೆದದ್ದು ನಮ್ಮ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ. ವರ್ಷಗಟ್ಟಲೆ ಜೈಲಿನಲ್ಲಿದ್ದ ಅನೇಕರು 2001ರಲ್ಲಿ ಖುಲಾಸೆಯಾಗಿ ಹೊರಬಂದರು. ವೀರಪ್ಪನ್ ಆನೆಗಳನ್ನೂ ಮನುಷ್ಯರನ್ನೂ ಕೊಂದವನು, 1993ರಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿಸಿ ಪೊಲೀಸರನ್ನು, ಅವರ ಜೊತೆಗಿದ್ದವರನ್ನು ಬಲಿ ತೆಗೆದುಕೊಂಡವನು. ಅವನನ್ನು ಹಿಡಿಯಲು ಬಂದ ಪೊಲೀಸರ ಕಷ್ಟ ಸಣ್ಣದಲ್ಲ. ಆದರೆ ಅವನ ಪಾಪದ ಲೆಕ್ಕವನ್ನು ಬೆಟ್ಟದ ಬುಡದ ಸೋಲಿಗರ, ಕೂಲಿಯವರ ಮೈಮೇಲೆ ಬರೆದದ್ದು ಯಾವ ಧರ್ಮ? ಆ ಶಿಬಿರದೊಳಗಿನಿಂದಲೂ ದೇವಸ್ಥಾನದ ಗಂಟೆ ಕೇಳಿಸಿರಬೇಕು. ಹೊಡೆಯುವವರಲ್ಲಿ, ಹೊಡೆಸಿಕೊಳ್ಳುವವರಲ್ಲಿ ಮಾದಪ್ಪನಿಗೆ ಹರಕೆ ಹೊತ್ತವರು ಇದ್ದೇ ಇದ್ದಿರಬೇಕು.

ಹೀಗಾಗಿ, ‘ದೇವರು ನೋಡ್ಕೋತಾನೆ’ ಎಂಬ ನಮ್ಮ ಜನರ ಮಾತನ್ನು ನಾನು ಒಪ್ಪುವುದು ಕಾಯಿಲೆ, ಮಳೆ, ಬೆಳೆಯ ವಿಷಯದಲ್ಲಿ ಮಾತ್ರ. ಠಾಣೆಯ ವಿಷಯದಲ್ಲಿ ದೇವರ ಹೆಸರು ಹೇಳುವುದು ಡೈರಿ ಬರೆಯಬೇಕಾದವರ ಕೆಲಸ ಹಗುರ ಮಾಡಿದಂತಾಗುತ್ತದೆ. ಮಾರಮ್ಮ ಕಾಣುತ್ತಾಳೆ ಎಂಬ ನಂಬಿಕೆ ನನಗೂ ಇದೆ. ಅವಳು ಕಂಡದ್ದನ್ನು ಮ್ಯಾಜಿಸ್ಟ್ರೇಟರ ಮುಂದೆ ಹೇಳಲು ಬರುವುದಿಲ್ಲ. ಸರ್ಕಾರದ ಕೈಯಲ್ಲಿರುವ ಬಲ ಸಾತ್ವಿಕರ ಕೈಗೆ ಸಿಕ್ಕಾಗಲೂ ಅಪಾಯಕಾರಿಯೇ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಯೂ ಇಲ್ಲ. ದಿನಕ್ಕೆ ಸಾವಿರಾರು ವಾಹನ ಸುತ್ತುವ ನಮ್ಮ ರಾಮಸ್ವಾಮಿ ವೃತ್ತಕ್ಕೆ ಆ ಹೆಸರು ಬಂದದ್ದು, ದೇಶ ಸ್ವತಂತ್ರವಾದ ಮರುತಿಂಗಳೇ, 1947ರ ಸೆಪ್ಟೆಂಬರ್‌ನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯಿಂದ. ಕಾನೂನು ಸುವ್ಯವಸ್ಥೆ ಕಾಪಾಡುವ ಹೆಸರಿನಲ್ಲೇ ಆ ಗುಂಡು ಹಾರಿತು. ಮಹಾರಾಜರ ಸಂಸ್ಥಾನವನ್ನು ಅಷ್ಟು ಅಭಿಮಾನದಿಂದ ನೆನೆಯುವ ನಾವು ಆ ಹುಡುಗನನ್ನು ಬಸ್‌ಸ್ಟಾಪಿನ ಹೆಸರಾಗಿ ಮಾತ್ರ ಉಳಿಸಿಕೊಂಡಿದ್ದೇವೆ.

ಪೊಲೀಸರ ಪಕ್ಷದ ಮಾತನ್ನೂ ಹೇಳಬೇಕು. ಅಲ್ಲಿನ ಪೇದೆಗಳು ದಸರಾ ಬಂದೋಬಸ್ತು ಮುಗಿಸಿ, ಗಣೇಶನ ಮೆರವಣಿಗೆ ಮುಗಿಸಿ, ವಿಐಪಿ ಬಂದರೆಂದು ಬಿಸಿಲಿನಲ್ಲಿ ನಿಂತು ಬಂದವರು. ರಜೆ ಕೇಳಿದರೆ ಅವರ ಅರ್ಜಿಗೂ ಸ್ವೀಕೃತಿ ಸಿಗದೆ ಇರುವುದುಂಟು ಎಂದು ಅವರಲ್ಲೊಬ್ಬರೇ ನಗುತ್ತಾ ಹೇಳಿದರು. ಪೊಲೀಸರನ್ನು ರಾಜಕೀಯದ ಒತ್ತಡದಿಂದ ಬಿಡಿಸಬೇಕೆಂದು, ಅವರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಬೇಕೆಂದು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಹೇಳಿತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೆ ಅವಕಾಶ ಮಾಡಿತು. ನಮ್ಮ ಬೀದಿಯಲ್ಲಿ ಅಂಥದೊಂದು ಪ್ರಾಧಿಕಾರ ಇದೆಯೆಂದು ಕೇಳಿದವರೇ ಇಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ, ಆದರೆ ಅದನ್ನು ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಚಿತ್ರಹಿಂಸೆ ತಡೆ ಮಸೂದೆ ಕಾನೂನಾಗದೆ ಬಿದ್ದುಹೋಯಿತು. ದೆಹಲಿಯಲ್ಲೇ ಸೀಲು ಬೀಳದೆ ಉಳಿದ ಕಾಗದವಿದು.

ಐದರಲ್ಲಿ ನಾನು ಈ ಸೇವೆಗೆ ಕೊಡುವ ಅಂಕ ಒಂದೂವರೆ. ಒಂದು ಅಂಕ ಸ್ವಾಗತ ಮೇಜಿನ ಆ ಮಹಿಳಾ ಪೇದೆಗೆ ಮತ್ತು ಇ-ಲಾಸ್ಟ್ ವ್ಯವಸ್ಥೆಗೆ, ಅರ್ಧ ಅಂಕ ಹಸಿರು ಹಲಗೆಯನ್ನಾದರೂ ತೂಗುಹಾಕಿದ್ದಕ್ಕೆ. ಹಬ್ಬ ಹರಿದಿನಕ್ಕೆ ಅನುಮತಿ ಪಡೆಯುವ ಇತರ ಸಮಿತಿಗಳಿಗೆ ಹೇಳುವುದಿಷ್ಟು: ಅರ್ಜಿಯನ್ನು ತಿಂಗಳ ಮುಂಚೆ ಕೊಡಿ, ಕೈಯಲ್ಲಿ ಕೊಡುವ ಜೊತೆಗೆ ತಲುಪಿದ್ದಕ್ಕೆ ಪುರಾವೆ ಸಿಗುವ ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ, ಫೋನು ಮಾಡಿಸುವ ದೊಡ್ಡವರನ್ನು ಕೊನೆಯವರೆಗೂ ಹುಡುಕಬೇಡಿ. ಬೆಂಚಿನ ಮೇಲೆ ಕಾಯುವಾಗ ನೆಲದ ಮೇಲೆ ಯಾರನ್ನಾದರೂ ಕೂರಿಸಿದ್ದು ಕಂಡರೆ, ಹೊತ್ತು, ದಿನಾಂಕ ಗುರುತು ಹಾಕಿಕೊಂಡು ಅವರ ಮನೆಯವರಿಗೆ ತಿಳಿಸಿದ್ದೀರಾ ಎಂದು ಒಂದು ಮಾತು ಕೇಳಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಅದನ್ನೂ ಹೇಳಿ. ನಾನು ಅಂದು ಸಂಜೆ ಮನೆಗೆ ಬಂದು ಕಂಡದ್ದನ್ನು ಬರೆದು ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದೆ. ಅವರು ದೂರು ಬರೆದುಕೊಂಡು ನನಗೊಂದು ಸಂಖ್ಯೆ ಕೊಟ್ಟರು. ಮೈಕಿನ ಅನುಮತಿ ಪತ್ರ ಹಬ್ಬದ ಹಿಂದಿನ ರಾತ್ರಿ ಕೈಗೆ ಬಂತು, ರಾತ್ರಿ 10ಕ್ಕೆ ನಿಲ್ಲಿಸತಕ್ಕದ್ದು ಎಂಬ ಷರತ್ತಿನೊಡನೆ. ಹತ್ತಕ್ಕೆ ಮುಂಚೆಯೇ ನಿಲ್ಲಿಸಿದೆವು.